ಹೆಸರು ಹೇಳದ ಶಾರ್ಟ್‌ವೇವ್ ಸ್ಟೇಷನ್‌ಗಳು: ಕೊಡಗಿನ ಮನೆಯಲ್ಲಿ ಕೂತು ಕೇಳುವ ಬಗೆ

ಶಾರ್ಟ್‌ವೇವ್ ಅಂದರೆ ಆಕಾಶವಾಣಿ, ಬಿಬಿಸಿ, ಚೀನಾ ರೇಡಿಯೋ ಅಷ್ಟೇ ಅಂದುಕೊಂಡವರು ಜಾಸ್ತಿ. ಆ ಸ್ಟೇಷನ್‌ಗಳ ನಡುವಿನ ಖಾಲಿ ಜಾಗದಲ್ಲಿ ಮುಳ್ಳು ತಿರುಗಿಸಿ ನೋಡಿ. ಒಂದು ಕಡೆ ಹೆಣ್ಣು ಧ್ವನಿಯೊಂದು ಬರೀ ಅಂಕಿ ಓದುತ್ತಿರುತ್ತದೆ. ಇನ್ನೊಂದು ಕಡೆ ರಾತ್ರಿಯಿಡೀ ಒಂದೇ ಬಜರ್ ಸದ್ದು. ಮತ್ತೊಂದು ಕಡೆ ಯಾರೋ ಲೈಸೆನ್ಸ್ ಇಲ್ಲದೆ ಹಾಡು ಹಾಕಿಕೊಂಡು ಕೂತಿರುತ್ತಾರೆ. ಯಾರೂ ಹೆಸರು, ಊರು ಹೇಳುವುದಿಲ್ಲ. ಇವರನ್ನು ಹುಡುಕಿ, ಕೇಳಿ, ಬರೆದಿಡುವುದೇ ಒಂದು ಹವ್ಯಾಸ.

ಇದಕ್ಕೆ ಕೊಡಗು ಒಳ್ಳೆಯ ಜಾಗ. ಮನೆಯಿಂದ ಮನೆಗೆ ದೂರ, ತಂತಿ ಕಟ್ಟಲು ಮರಗಳಿಗೆ ಬರವಿಲ್ಲ. ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂ ಬೆಟ್ಟದ ಆಚೆ ಇಳಿದರೆ ಕರಕರ ಅನ್ನಲು ಶುರು ಮಾಡುತ್ತದೆ, ಮೊಬೈಲ್ ನೆಟ್‌ವರ್ಕ್ ಕಥೆ ಕೇಳಲೇಬೇಡಿ. 3ರಿಂದ 30 ಮೆಗಾಹರ್ಟ್ಸ್‌ನ ಶಾರ್ಟ್‌ವೇವಿಗೆ ಆ ಕಾಟ ಕಡಿಮೆ. ಅದು ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳ ಅನ್ನುವ ವಾತಾವರಣದ ಪದರಕ್ಕೆ ತಾಗಿ ಮೇಲಿನಿಂದ ಇಳಿದು ಬರುತ್ತದೆ. ಬೆಟ್ಟದ ಮಗ್ಗುಲಲ್ಲಿ ಮನೆ ಇದ್ದರೂ ಕೆಲಸ ನಡೆಯುತ್ತದೆ.

ಆದರೆ ಇಲ್ಲಿ ಕೇಳಿಸುವ ‘ನಿಗೂಢ’ ಸಿಗ್ನಲ್‌ಗಳಲ್ಲಿ ಹೆಚ್ಚಿನವು ನಿಮ್ಮ ಮನೆಯದ್ದೋ ಪಕ್ಕದ ತೋಟದ್ದೋ ಆಗಿರುತ್ತವೆ. ಉಳಿದವುಗಳಲ್ಲಿ ಬಹುಪಾಲಿಗೆ ಹೆಸರಿದೆ, ನಮಗೆ ಗೊತ್ತಿರುವುದಿಲ್ಲ ಅಷ್ಟೇ. ಇವೆರಡನ್ನೂ ಜರಡಿ ಹಿಡಿದ ಮೇಲೆ ಉಳಿಯುವುದೇ ನಿಜವಾದ ಬೇಟೆ. ಹಾಗಾಗಿ ಈ ಲೇಖನದಲ್ಲಿ ಸಿಗ್ನಲ್ ಹಿಡಿಯುವುದಕ್ಕಿಂತ ತಳ್ಳಿಹಾಕುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಸೆಟ್

ಅಜ್ಜನ ಕಾಲದ ಫಿಲಿಪ್ಸ್ ಅಥವಾ ಮರ್ಫಿ ಸೆಟ್ ಇದ್ದರೆ ಸ್ಟೇಷನ್ ಕೇಳಲು ಸಾಕು. ಈ ಕೆಲಸಕ್ಕೆ ಸಾಲದು. ಹೆಸರು ಹೇಳದವರಲ್ಲಿ ಹೆಚ್ಚಿನವರು ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್, ಸಿಗ್ನಲ್ಲಿನ ಒಂದು ಬದಿಯನ್ನಷ್ಟೇ ಕಳಿಸುವ ಬಗೆ) ಮಾತಾಡುತ್ತಾರೆ, ಇಲ್ಲವೇ ಚುಕ್ಕೆ-ಗೆರೆಯ ಮೋರ್ಸ್ ಕೋಡ್ ಬಡಿಯುತ್ತಾರೆ. ಮಾಮೂಲಿ ಸೆಟ್ಟಿನಲ್ಲಿ ಎಸ್‌ಎಸ್‌ಬಿ ಮಾತು ಬಾತುಕೋಳಿ ಕೂಗಿದ ಹಾಗೆ ಕೇಳಿಸುತ್ತದೆ, ಒಂದಕ್ಷರ ತಿಳಿಯುವುದಿಲ್ಲ. ಆದ್ದರಿಂದ ಎಸ್‌ಎಸ್‌ಬಿ ಇರುವ, ಫ್ರೀಕ್ವೆನ್ಸಿಯನ್ನು ಅಂಕಿಯಲ್ಲಿ ತೋರಿಸುವ ಸೆಟ್ ಬೇಕು. ಟೆಕ್‌ಸನ್ ಪಿಎಲ್-330, ಪಿಎಲ್-880, ಎಕ್ಸ್‌ಎಚ್‌ಡೇಟಾ ಡಿ-808 ಇವೆಲ್ಲ ಆಗುತ್ತವೆ. ಹಳೆಯ ಸೋನಿ ಐಸಿಎಫ್-ಎಸ್‌ಡಬ್ಲ್ಯೂ7600ಜಿಆರ್ ಯಾರಾದರೂ ಮಾರುತ್ತಿದ್ದರೆ ಬಿಡಬೇಡಿ.

ಲ್ಯಾಪ್‌ಟಾಪ್ ಇದ್ದವರು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಲ್ಯಾಪ್‌ಟಾಪನ್ನೇ ರೇಡಿಯೋ ಮಾಡುವ ಸಣ್ಣ ಸಾಧನ) ನೋಡಬಹುದು. ಪರದೆಯ ಮೇಲೆ ಸಿಗ್ನಲ್ ಕಣ್ಣಿಗೇ ಕಾಣುವುದು ಅದರ ಲಾಭ. ಆದರೆ ಲ್ಯಾಪ್‌ಟಾಪ್ ಚಾರ್ಜರ್ ತಾನೇ ಒಂದು ಗದ್ದಲದ ಯಂತ್ರ. ನನ್ನ ಕೇಳಿದರೆ ಶುರುವಿಗೆ ಸೆಲ್ ಹಾಕುವ ಕೈಸೆಟ್ಟೇ ವಾಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ತಂತಿ ಕಟ್ಟುವುದು

ಹತ್ತರಿಂದ ಇಪ್ಪತ್ತು ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರ್ ಸಾಕು. ಒಂದು ತುದಿ ಕಿಟಕಿಗೆ, ಇನ್ನೊಂದು ತುದಿ ನೈಲಾನ್ ಹಗ್ಗದಲ್ಲಿ ಸಿಲ್ವರ್ ಓಕ್ ಮರಕ್ಕೆ. ಬಿಗಿಯಾಗಿ ಎಳೆಯಬೇಡಿ, ಜೂನ್ ಗಾಳಿಗೆ ಮರ ತೂಗಿದರೆ ತುಂಡಾಗುತ್ತದೆ. ಕಿಟಕಿ ಬದಿಯ ತುದಿಯನ್ನು ಸುಲಿದು ಮೊಸಳೆ ಕ್ಲಿಪ್ಪಿನಲ್ಲಿ ಸೆಟ್ಟಿನ ಆಂಟೆನಾಕ್ಕೆ ಕಚ್ಚಿಸಿ. ಡಯಲ್ ತುಂಬ ಒಂದರ ಮೇಲೊಂದು ಸ್ಟೇಷನ್ ಬಿದ್ದು ಗಜಿಬಿಜಿಯಾದರೆ ಸೆಟ್ಟಿಗೆ ಸಿಗ್ನಲ್ ಜಾಸ್ತಿಯಾಗಿದೆ ಅಂತ. ಹಿಂದೆ ‘ಲೋಕಲ್/ಡಿಎಕ್ಸ್’ ಸ್ವಿಚ್ ಇದ್ದರೆ ಲೋಕಲ್‌ಗೆ ಹಾಕಿ, ಇಲ್ಲದಿದ್ದರೆ ತಂತಿ ಕಡಿಮೆ ಮಾಡಿ.

ಮೂರು ಎಚ್ಚರಿಕೆ. ಕರೆಂಟ್ ಲೈನಿನ ಮೇಲೆ, ಕೆಳಗೆ, ಹತ್ತಿರ ಎಲ್ಲೂ ತಂತಿ ಎಳೆಯಬೇಡಿ. ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಏನಾಗುತ್ತದೆ ಅಂತ ತೋಟದವರಿಗೆ ನಾನು ಹೇಳಬೇಕಿಲ್ಲ. ಆ ಏಣಿಯನ್ನು ಈ ಕೆಲಸಕ್ಕೆ ತರಲೇಬೇಡಿ, ಹಗ್ಗಕ್ಕೆ ಕಲ್ಲು ಕಟ್ಟಿ ಎಸೆಯಿರಿ. ಎರಡನೆಯದು, ಗುಡುಗು ಕೇಳಿದ ಕೂಡಲೇ ಕ್ಲಿಪ್ ಬಿಚ್ಚಿ ತಂತಿಯನ್ನು ಕಿಟಕಿಯಿಂದ ಹೊರಗೆ ಹಾಕಿ. ಮಾರ್ಚ್-ಏಪ್ರಿಲ್‌ನ ಹೂಮಳೆ ಸಮಯದಲ್ಲಿ ಸಿಡಿಲು ಹೇಳಿ ಬರುವುದಿಲ್ಲ. ಆಗ ಬ್ಯಾಂಡಿನಲ್ಲಿ ಪಟಪಟ ಸದ್ದು ಬಿಟ್ಟು ಬೇರೇನೂ ಕೇಳುವುದೂ ಇಲ್ಲ. ಮೂರನೆಯದು ಆನೆ. ಮನೆಯ ಗದ್ದಲ ತಪ್ಪಿಸಿಕೊಳ್ಳಲು ಗದ್ದೆ ಬಯಲಿಗೆ ಹೋಗಿ ಅಂತ ಪಟ್ಟಣದವರು ಸಲಹೆ ಕೊಡುತ್ತಾರೆ. ಇಲ್ಲಿ ರಾತ್ರಿ ಹೊತ್ತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೋಟಕ್ಕೋ ಗದ್ದೆಗೋ ಇಳಿಯುವ ಕೆಲಸ ಬೇಡ. ಜಗಲಿಯಲ್ಲೇ ಕೂತು ಕೇಳಿ.

ಮನೆಯ ಗದ್ದಲ ಕಳೆಯುವುದು

ಸೆಟ್ಟನ್ನು ಸೆಲ್ಲಿನಲ್ಲಿ ನಡೆಸಿ. ಆಮೇಲೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇನ್‌ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಇಲ್ಲದಿದ್ದರೆ ಕರೆಂಟ್ ಹೋಯಿತು ಅಂದುಕೊಂಡು ಅದು ಶುರುವಾಗಿ ಇನ್ನೂ ಜಾಸ್ತಿ ಕಿರುಚುತ್ತದೆ. ನೀವು ಕೇಳುತ್ತಿದ್ದ ವಿಚಿತ್ರ ಸದ್ದು ನಿಂತಿತಾ? ಹಾಗಾದರೆ ಅದು ರಷ್ಯಾದ್ದಲ್ಲ, ಅಡುಗೆಮನೆಯ ಎಲ್‌ಇಡಿ ಬಲ್ಬಿನದು. ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ, ಕಳ್ಳ ಸಿಗುತ್ತಾನೆ. ಮೊಬೈಲ್ ಚಾರ್ಜರ್, ಟಿವಿ ಸೆಟ್‌ಟಾಪ್ ಬಾಕ್ಸ್, ಸೋಲಾರ್ ಚಾರ್ಜ್ ಕಂಟ್ರೋಲರ್ ಇವೆಲ್ಲ ಮಾಮೂಲಿ ಆರೋಪಿಗಳು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಹೋದರೆ ಬೈಯುತ್ತೇವೆ, ಅಲ್ವಾ? ರೇಡಿಯೋ ಕೇಳುವವರಿಗೆ ಅಂಥ ರಾತ್ರಿ ಹಬ್ಬ. ಇಡೀ ಊರಿನ ಗದ್ದಲ ಒಟ್ಟಿಗೆ ನಿಂತಿರುತ್ತದೆ.

ಇನ್ನು ಕೊಡಗಿನದ್ದೇ ಆದ ಒಂದು ಸದ್ದು: ಸೋಲಾರ್ ಬೇಲಿ.

ನಾಪೋಕ್ಲು ಕಡೆಯ ಪರಿಚಯದವರೊಬ್ಬರು ಒಮ್ಮೆ ಫೋನ್ ಮಾಡಿದರು. “ಅಣ್ಣ, ಯಾರೋ ಕೋಡ್ ಕಳಿಸ್ತಾ ಇದ್ದಾರೆ. ಟಕ್, ಟಕ್, ಟಕ್. ಸಂಜೆ ಆರಕ್ಕೆ ಶುರು, ಬೆಳಿಗ್ಗೆ ಆರಕ್ಕೆ ಬಂದ್. ಭಾರಿ ಶಿಸ್ತು.”

“ನೀವು ಬೇಲಿ ಆನ್ ಮಾಡೋದು ಎಷ್ಟೊತ್ತಿಗೆ?” ಅಂತ ಕೇಳಿದೆ.

“ಆರಕ್ಕೆ,” ಅಂದವರೇ ನಗಲು ಶುರು ಮಾಡಿದರು.

ಬೇಲಿಯ ಎನರ್ಜೈಸರ್ ತಂತಿಗೆ ಸುಮಾರು ಸೆಕೆಂಡಿಗೊಂದು ಹೊಡೆತ ಕೊಡುತ್ತದೆ. ಅಷ್ಟಕ್ಕೇ ರೇಡಿಯೋದಲ್ಲಿ ಅಂಥ ಗದ್ದಲ ಆಗಬೇಕಿಲ್ಲ. ತಂತಿಗೆ ಹಸಿ ಬಳ್ಳಿ ತಾಗಿದ ಕಡೆ, ಇನ್ಸುಲೇಟರ್ ಒಡೆದ ಕಡೆ ಸಣ್ಣ ಕಿಡಿ ಹಾರುತ್ತದೆ. ರೇಡಿಯೋಗೆ ಕೇಳಿಸುವುದು ಹೆಚ್ಚಾಗಿ ಆ ಕಿಡಿ. ಕಿಲೋಮೀಟರ್‌ಗಟ್ಟಲೆ ಇರುವ ಬೇಲಿ ತಂತಿಯೇ ಅದಕ್ಕೆ ಆಂಟೆನಾ. ಗುರುತಿಸುವುದು ಸುಲಭ. ಮುಳ್ಳನ್ನು 3 ಮೆಗಾಹರ್ಟ್ಸ್‌ನಿಂದ 10ರ ತನಕ ಓಡಿಸಿ. ಎಲ್ಲ ಕಡೆಯೂ ಅದೇ ಟಕ್ ಇದ್ದರೆ ಅದು ಬೇಲಿ. ನಿಜವಾದ ಸ್ಟೇಷನ್ ಒಂದು ಜಾಗದಲ್ಲಿರುತ್ತದೆ, ಒಂದೆರಡು ಕಿಲೋಹರ್ಟ್ಸ್ ಆಚೆ ಹೋದರೆ ಸದ್ದು ಬದಲಾಗುತ್ತದೆ ಇಲ್ಲವೇ ಮಾಯವಾಗುತ್ತದೆ.

ಬೇಲಿ ಪಕ್ಕದವರದ್ದಾದರೆ ಹಗಲಿನಲ್ಲಿ ಕೇಳಿಕೊಂಡು ಒಂದು ನಿಮಿಷ ಆನ್-ಆಫ್ ಮಾಡಿಸಿ ನೋಡಿ. ನೀವಾಗಿ ಮುಟ್ಟಲು ಹೋಗಬೇಡಿ. ಜಗಳಕ್ಕೆ ಬದಲು ಉಪಕಾರವೂ ಮಾಡಬಹುದು. ಸಣ್ಣ ಟ್ರಾನ್ಸಿಸ್ಟರನ್ನು ಮೀಡಿಯಂ ವೇವಿನಲ್ಲಿ ಸ್ಟೇಷನ್ ಇಲ್ಲದ ಕಡೆ ಇಟ್ಟು ಬೇಲಿಗುಂಟ ನಡೆಯಿರಿ. ಟಕ್ ಸದ್ದು ಜೋರಾದ ಕಡೆ ಪವರ್ ಸೋರುತ್ತಿದೆ ಅಂತ ಲೆಕ್ಕ. ಅಲ್ಲಿ ಬಳ್ಳಿ ಕಡಿದರೆ ಅವರ ಬೇಲಿಗೂ ಬಲ, ನಿಮ್ಮ ಕಿವಿಗೂ ಆರಾಮ.

ಸೆಟ್ಟೇ ಮಾಡುವ ಮೋಸ ಒಂದಿದೆ. ಅಗ್ಗದ ಸೆಟ್‌ಗಳಲ್ಲಿ ಜೋರು ಸ್ಟೇಷನ್ ತನ್ನ ಜಾಗದಲ್ಲೂ ಕೇಳುತ್ತದೆ, ಅದಕ್ಕಿಂತ 910 ಕಿಲೋಹರ್ಟ್ಸ್ ಕೆಳಗೂ ಕೇಳುತ್ತದೆ. 6200ರಲ್ಲಿ ‘ಕಳ್ಳ ಸ್ಟೇಷನ್’ ಸಿಕ್ಕಿತು ಅನ್ನುವ ಮೊದಲು 7110ಕ್ಕೆ ಹೋಗಿ ನೋಡಿ. ಅದೇ ಕಾರ್ಯಕ್ರಮ ಅಲ್ಲಿ ಇನ್ನೂ ಜೋರಾಗಿದ್ದರೆ ಮೊದಲು ಕೇಳಿದ್ದು ನೆರಳು.

ಗೊತ್ತಿರುವವರನ್ನು ಮೊದಲು ಕೇಳಿ

ಗೊತ್ತಿರುವ ಸಿಗ್ನಲ್ ಹೇಗೆ ಕೇಳುತ್ತದೆ ಅಂತ ಅಭ್ಯಾಸ ಆಗದೆ ಗೊತ್ತಿಲ್ಲದ್ದನ್ನು ಹುಡುಕಿ ಪ್ರಯೋಜನ ಇಲ್ಲ. ಸೆಟ್ಟನ್ನು 6676 ಕಿಲೋಹರ್ಟ್ಸ್‌ಗೆ, ಯುಎಸ್‌ಬಿಗೆ ಹಾಕಿ. ಚಾರ್ಜರಿನ ಯುಎಸ್‌ಬಿ ಅಲ್ಲ, ಅಪ್ಪರ್ ಸೈಡ್‌ಬ್ಯಾಂಡ್. ಪ್ರತಿ ಗಂಟೆಯ 25 ಮತ್ತು 55ನೇ ನಿಮಿಷಕ್ಕೆ ಮುಂಬೈ, 5 ಮತ್ತು 35ಕ್ಕೆ ಕೋಲ್ಕತ್ತಾ ವಿಮಾನ ನಿಲ್ದಾಣಗಳ ಹವಾಮಾನ ಓದುತ್ತವೆ. ಯುಟಿಸಿಗೂ (ಪ್ರಪಂಚಕ್ಕೆಲ್ಲ ಒಂದೇ ಆದ ಸಮಯ) ನಮ್ಮ ಗಡಿಯಾರಕ್ಕೂ ಐದೂವರೆ ಗಂಟೆ ವ್ಯತ್ಯಾಸ ಇದ್ದರೂ ಅರ್ಧ ಗಂಟೆಗೊಮ್ಮೆ ಬರುವುದರಿಂದ ನಿಮಿಷದ ಲೆಕ್ಕ ಎರಡರಲ್ಲೂ ಒಂದೇ. ಗೊತ್ತಿಲ್ಲದವರು ಕೇಳಿದರೆ ಇದೂ ಅಂಕಿ ಓದುವ ಗೂಢಚಾರ ಸ್ಟೇಷನ್ ಅನ್ನಿಸಬೇಕು, ಹಾಗಿದೆ.

ಆಮೇಲೆ ಸಮಯ ಹೇಳುವವರು. ಚೀನಾದ ಬಿಪಿಎಂ 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತದೆ. ಮಾಸ್ಕೋದ ಆರ್‌ಡಬ್ಲ್ಯೂಎಂ 4996 ಮತ್ತು 9996 ಕಿಲೋಹರ್ಟ್ಸ್‌ನಲ್ಲಿದೆ. ಗಂಟೆಯ 9 ಮತ್ತು 39ನೇ ನಿಮಿಷದಲ್ಲಿ ಮೋರ್ಸ್‌ನಲ್ಲಿ ಹೆಸರು ಹೇಳುತ್ತದೆ, 10ರಿಂದ 20ನೇ ನಿಮಿಷದ ತನಕ ಸೆಕೆಂಡಿಗೊಂದು ಹೊಡೆತ. ಇದನ್ನು ಬೇಲಿಯ ಜೊತೆ ಹೋಲಿಸಿ ನೋಡಿ. ಯುಎಸ್‌ಬಿಯಲ್ಲಿ ಮುಳ್ಳನ್ನು ಸ್ವಲ್ಪ ಸರಿಸಿದರೆ ಮಾಸ್ಕೋದ ‘ಪಿಪ್’ ಸ್ವರ ಏರುತ್ತದೆ, ಇಳಿಯುತ್ತದೆ. ಬೇಲಿಯ ‘ಟಕ್’ಗೆ ಸ್ವರವೇ ಇಲ್ಲ. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿದರೆ ಮಾಸ್ಕೋದ್ದು ಸರಿಯಾಗಿ ಸೆಕೆಂಡಿಗೆ ಕೂರುತ್ತದೆ, ಬೇಲಿ ಹಿಂದೆ ಬೀಳುತ್ತದೆ.

ಆರ್‌ಡಬ್ಲ್ಯೂಎಂನಿಂದ ಇನ್ನೊಂದು ಉಪಯೋಗ ಇದೆ. 4996 ಚೆನ್ನಾಗಿ ಕೇಳುತ್ತಿದ್ದರೆ ಆ ರಾತ್ರಿ ರಷ್ಯಾದ ದಾರಿ ತೆರೆದಿದೆ ಅಂತ ಅರ್ಥ. ಕೂಡಲೇ 4625ಕ್ಕೆ ಹೋಗಿ.

4625ರ ಬಜರ್

ಕೇಳುಗರ ಲೋಕದಲ್ಲಿ ಇದಕ್ಕಿಂತ ಪ್ರಸಿದ್ಧವಾದ ಅನಾಮಿಕ ಇಲ್ಲ. ಯುವಿಬಿ-76 ಅನ್ನುವುದು ಹಳೆಯ ಹೆಸರು, ‘ಬಜರ್’ ಅನ್ನುವುದು ಅಡ್ಡಹೆಸರು. ಹಗಲು ರಾತ್ರಿ ನಿಮಿಷಕ್ಕೆ ಸುಮಾರು 25 ಸಲ ಒರಟಾದ ‘ಬ್ಝ್’. ಅಪರೂಪಕ್ಕೆ ಅದು ನಿಂತು ಗಂಡು ಧ್ವನಿಯೊಂದು ರಷ್ಯನ್ ಹೆಸರುಗಳನ್ನೂ ಅಂಕಿಗಳನ್ನೂ ಓದುತ್ತದೆ, ಮತ್ತೆ ಬ್ಝ್. ರಷ್ಯಾದ ಸೇನೆಯ ಜಾಲಕ್ಕೆ ಸೇರಿದ್ದು ಅಂತ ಕೇಳುಗರೆಲ್ಲ ಒಪ್ಪುತ್ತಾರೆ. ಅಂದರೆ ಗುರುತು ಹೇಳದ ಸ್ಟೇಷನ್ ಎಲ್ಲವೂ ಲೈಸೆನ್ಸ್ ಇಲ್ಲದ ಸ್ಟೇಷನ್ ಅಂತಲ್ಲ. ಎಷ್ಟೋ ಸಲ ಅದರ ಹಿಂದೆ ಸರಕಾರವೇ ಇರುತ್ತದೆ.

ಡಿಸೆಂಬರ್‌ನಿಂದ ಫೆಬ್ರವರಿ ಇದಕ್ಕೆ ಒಳ್ಳೆ ಕಾಲ. ರಾತ್ರಿ ಉದ್ದ, ಸಿಡಿಲಿನ ಗದ್ದಲ ಕಡಿಮೆ. ಊಟ ಮುಗಿಸಿ ಒಂಬತ್ತರ ಮೇಲೆ ಕೂತುಕೊಳ್ಳಿ. ಮೊದಲು ಬರೀ ಸೊರ್ ಅನ್ನುವ ಸದ್ದು. ಇಯರ್‌ಫೋನ್ ಹಾಕಿ ಅದರಲ್ಲೇ ಕಿವಿ ಇಟ್ಟರೆ ಒಳಗಿಂದ ಒಂದು ಲಯ ಮೇಲೆ ಬರುತ್ತದೆ, ಮುಳುಗುತ್ತದೆ, ಮತ್ತೆ ಬರುತ್ತದೆ. ಹಾಗೆ ಏರಿಳಿಯುವುದು ದೂರದ ಸಿಗ್ನಲ್ಲಿನ ಲಕ್ಷಣ. ಮನೆಯ ಗದ್ದಲ ಹಾಗೆ ಉಸಿರಾಡುವುದಿಲ್ಲ. ಎಲ್ಲ ರಾತ್ರಿಯೂ ಸಿಗುತ್ತದೆ ಅಂತ ಮಾತು ಕೊಡಲಾರೆ.

ಬೇರೆ ಏನೇನು ಬಲೆಗೆ ಬೀಳುತ್ತದೆ

ಹುಡುಕಲು ಒಂದೇ ಸೂತ್ರ: ಕತ್ತಲಾದ ಮೇಲೆ 3ರಿಂದ 8 ಮೆಗಾಹರ್ಟ್ಸ್, ಹಗಲು 9ರ ಮೇಲೆ. ಅದರಲ್ಲೂ ಪ್ರಸಾರದ ಬ್ಯಾಂಡ್‌ಗಳನ್ನು ಬಿಟ್ಟು ನಡುವಿನ ಜಾಗ ನೋಡಿ. 5900ರಿಂದ 6200 ಕಿಲೋಹರ್ಟ್ಸ್ ಪ್ರಸಾರದವರದ್ದು. ಅಲ್ಲಿಂದ 6525ರ ತನಕ ಹಡಗು, ಆಮೇಲೆ 6765ರ ತನಕ ವಿಮಾನ. 7000ದಿಂದ 7200 ಹ್ಯಾಮ್‌ಗಳ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರ ಮನೆ.

ನಮ್ಮ ಭಾಗದಲ್ಲಿ ಲೈಸೆನ್ಸ್ ಇಲ್ಲದ ಮಾತು ಕೇಳಿಸುವುದು ಹೆಚ್ಚಾಗಿ 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಇಂಡೋನೇಷ್ಯಾ ಕಡೆಯವರ ಹರಟೆ ಅಲ್ಲಿ ಹ್ಯಾಮ್‌ಗಳಿಗೆ ಹಳೆಯ ತಲೆನೋವು. ಕರೆಸಂಕೇತ ಇಲ್ಲ, ನಗು, ತಮಾಷೆ, ನಡುವೆ ಹಾಡು. ಸಂಜೆ ಎಲ್‌ಎಸ್‌ಬಿಯಲ್ಲಿ (ಲೋವರ್ ಸೈಡ್‌ಬ್ಯಾಂಡ್) ಕೇಳಿ. ಹ್ಯಾಮ್‌ಗಳಾದರೆ ಭಾರತದವರು ‘ವಿಯು’ ಅಂತ ಶುರುವಾಗುವ ಸಂಕೇತ ಹೇಳಲೇಬೇಕು, ಹಾಗಾಗಿ ಗೊಂದಲ ಇಲ್ಲ. ಇನ್ನು 27 ಮೆಗಾಹರ್ಟ್ಸ್‌ನಲ್ಲಿ ಯಾರಾದರೂ ಮಾತಾಡಿದರೆ ಕಳ್ಳರು ಅಂದುಬಿಡಬೇಡಿ. 26.957ರಿಂದ 27.283ರ ತನಕ ಕಡಿಮೆ ಪವರ್‌ನ ಸಿಟಿಜನ್ ಬ್ಯಾಂಡ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ.

ಹಾಡು ಹಾಕುವ ಪೈರೇಟ್ (ಲೈಸೆನ್ಸ್ ಇಲ್ಲದ) ಸ್ಟೇಷನ್‌ಗಳು ಯುರೋಪಿನಲ್ಲಿ ಜಾಸ್ತಿ. ಶನಿವಾರ ರಾತ್ರಿ ಅವರ ಹಬ್ಬ. ನಮಗೆ ಅದು ಭಾನುವಾರ ಬೆಳಗಿನ ಜಾವ, 6200ರಿಂದ 6400ರ ನಡುವೆ ಹುಡುಕಿ. ಪವರ್ ಕಡಿಮೆ, ದೂರ ಜಾಸ್ತಿ. ಒಂದು ಹಾಡಿನ ತುಣುಕು ಸಿಕ್ಕಿದರೂ ಅದೃಷ್ಟ. ಅಮೆರಿಕದ ಪೈರೇಟ್‌ಗಳು 6925ರ ಸುತ್ತ ಇರುತ್ತಾರೆ, ಕೊಡಗಿನಿಂದ ಅದರ ಆಸೆ ಬಿಡಿ.

ಚೀನೀ ಮಾತು ಎಲ್ಲೆಂದರಲ್ಲಿ, ಪ್ರಸಾರದ ಬ್ಯಾಂಡಿನ ಹೊರಗೂ ಕೇಳುತ್ತದೆ. ಅದರಲ್ಲಿ ಬಹುಪಾಲು ಜಾಮಿಂಗ್. ‘ಸೌಂಡ್ ಆಫ್ ಹೋಪ್’ ಅನ್ನುವ ಸಣ್ಣ ಸ್ಟೇಷನ್ ಚೀನಾಕ್ಕೆ ಪ್ರಸಾರ ಮಾಡಿದ ಕಡೆಯಲ್ಲೆಲ್ಲ ಚೀನಾ ತನ್ನದೇ ಸರಕಾರಿ ರೇಡಿಯೋವನ್ನು ಮೇಲೆ ಹೇರುತ್ತದೆ. ತೈವಾನಿನ ನಂಬರ್ ಸ್ಟೇಷನ್ (ಗೂಢಚಾರರಿಗೆ ಅಂಕಿಯಲ್ಲಿ ಸಂದೇಶ ಓದುವ ಸ್ಟೇಷನ್) ಒಂದು ಕೊಳಲಿನ ಸಂಗೀತ ಹಾಕಿ ಆಮೇಲೆ ಅಂಕಿ ಓದುತ್ತದೆ. ಆ ಅಂಕಿಗಳನ್ನು ಬಿಡಿಸುತ್ತೇನೆ ಅಂತ ಹೊರಡಬೇಡಿ. ಒಂದು ಸಲ ಮಾತ್ರ ಬಳಸುವ ಕೀಲಿಯಿಂದ ಸರಿಯಾಗಿ ಮುಚ್ಚಿದ ಸಂದೇಶವನ್ನು ಆ ಕೀಲಿ ಇಲ್ಲದೆ ಯಾರಿಂದಲೂ ತೆರೆಯಲು ಆಗುವುದಿಲ್ಲ.

ಮಾತಿಲ್ಲದ ಸದ್ದುಗಳಲ್ಲಿ ರೇಡಾರ್ ಮುಖ್ಯ. 4.4 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸೆಕೆಂಡಿಗೆ ಒಂದೆರಡು ಸಲ ‘ಸುಯ್’ ಅಂತ ಜಾರುವುದು ಸಮುದ್ರದ ಪ್ರವಾಹ ಅಳೆಯುವ ಕರಾವಳಿ ರೇಡಾರ್. ಬ್ಯಾಂಡಿನ ಅಗಲಕ್ಕೂ ಗರ್ರ್ ಅನ್ನುತ್ತಾ ಇದ್ದಕ್ಕಿದ್ದಂತೆ ಜಾಗ ಬದಲಿಸುವುದು ದಿಗಂತದಾಚೆ ನೋಡುವ ಸೇನಾ ರೇಡಾರ್. 1976ರಿಂದ 1989ರ ತನಕ ಸೋವಿಯತ್ ಒಕ್ಕೂಟದ ಡೂಗಾ ರೇಡಾರ್ ಸೆಕೆಂಡಿಗೆ ಹತ್ತು ಸಲ ಟಕಟಕ ಅನ್ನುತ್ತಿತ್ತು. ಪ್ರಪಂಚದ ಕೇಳುಗರೆಲ್ಲ ಅದನ್ನು ಮರಕುಟಿಗ ಅಂತ ಕರೆದರು.

ಬರೆದಿಡಿ, ಬೇರೆ ಕಿವಿಯಲ್ಲೂ ಕೇಳಿ

ನೋಟ್‌ಬುಕ್ಕಿನ ಒಂದು ಸಾಲು ಹೀಗಿದ್ದರೆ ಸಾಕು:

“ಜನವರಿ 14, 1612 ಯುಟಿಸಿ, 4625, ಯುಎಸ್‌ಬಿ. ಬಜರ್ ಸದ್ದು, ನಿಮಿಷಕ್ಕೆ 25ರಷ್ಟು, ಏರಿಳಿತ ಇದೆ. 4996 ಕೇಳುತ್ತಿದೆ. ಮೇನ್ ಆಫ್ ಮಾಡಿದರೂ ಇದೆ. 4620ರಲ್ಲಿ ಇಲ್ಲ.”

ಕೊನೆಯ ಎರಡು ವಾಕ್ಯ ಬರೆಯದವರ ದಾಖಲೆಯನ್ನು ನಾನು ನಂಬುವುದಿಲ್ಲ. ಸಮಯ ಯಾವಾಗಲೂ ಯುಟಿಸಿಯಲ್ಲೇ ಇರಲಿ, ನಮ್ಮ ಗಂಟೆಯಿಂದ ಐದೂವರೆ ಕಳೆಯಿರಿ. ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡರೆ ಆಮೇಲೆ ಹೋಲಿಸಬಹುದು.

ಅದೇ ಹೊತ್ತಿಗೆ ನೆಟ್ ಇದ್ದರೆ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ತೆರೆಯಿರಿ. ಅಲ್ಲಿನ ರೇಡಿಯೋವನ್ನು ಇಲ್ಲಿಂದಲೇ, ದುಡ್ಡಿಲ್ಲದೆ ತಿರುಗಿಸಬಹುದು. ಕಿವಿಎಸ್‌ಡಿಆರ್ ಜಾಲದಲ್ಲಿ ಬೇರೆ ಬೇರೆ ದೇಶಗಳ ಸೆಟ್‌ಗಳಿವೆ. ನಿಮ್ಮ ಸಿಗ್ನಲ್ ಯುರೋಪಿನಲ್ಲಿ ಜೋರಾಗಿ, ಪೂರ್ವ ಏಷ್ಯಾದಲ್ಲಿ ಇಲ್ಲವೇ ಇಲ್ಲ ಅಂತಾದರೆ ದಿಕ್ಕು ಸಿಕ್ಕಿತು. ಎಲ್ಲೂ ಇಲ್ಲ, ನಿಮ್ಮಲ್ಲಿ ಮಾತ್ರ ಅಂತಾದರೆ ಮತ್ತೆ ಬೇಲಿ, ಬಲ್ಬಿನ ಕಡೆ ಹೋಗಿ. ಕೊನೆಗೂ ಉಳಿದರೆ ಇಂಥ ಸ್ಟೇಷನ್‌ಗಳನ್ನು ದಾಖಲಿಸುವ ‘ಪ್ರಿಯೊಮ್’ ವೆಬ್‌ಸೈಟಿನ ಪಟ್ಟಿಗೆ ಹೋಲಿಸಿ. ಅಲ್ಲಿ ಬಜರ್‌ಗೆ ಎಸ್28 ಅನ್ನುವ ಸಂಕೇತ ಇದೆ. ಎಸ್ ಅಂದರೆ ಸ್ಲಾವ್ ಭಾಷೆಗಳು, ಇ ಅಂದರೆ ಇಂಗ್ಲಿಷ್, ಎಂ ಅಂದರೆ ಮೋರ್ಸ್.

ಕೇಳಿ, ಉತ್ತರ ಕೊಡಬೇಡಿ

ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ತಮಾಷೆಗೂ ಬೇಡ. ಬಿಹಾರದ ಮನ್ಸೂರ್‌ಪುರದಲ್ಲಿ ಹಳ್ಳಿಯ ಹುಡುಗನೊಬ್ಬ ಅಗ್ಗದ ಸಾಮಾನಿನಲ್ಲಿ ಕಟ್ಟಿದ್ದ ಎಫ್‌ಎಂ ಊರಿಗೆಲ್ಲ ಇಷ್ಟವಾಗಿತ್ತು. ಆದರೂ 2006ರಲ್ಲಿ ಮುಚ್ಚಿಸಿದರು. ಯಾರದ್ದೋ ಖಾಸಗಿ ಮಾತೋ ಯಾವುದೋ ಇಲಾಖೆಯ ಮಾತೋ ಕಿವಿಗೆ ಬಿದ್ದರೆ ಮುಂದಕ್ಕೆ ಹೋಗಿ. ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಹಂಚುವುದು ಬೇಡವೇ ಬೇಡ.

ಜೋರಾದ, ತೀರಾ ಹತ್ತಿರದ್ದು ಅನ್ನಿಸುವ ಅನುಮಾನದ ಮಾತು ದಿನವೂ ಕೇಳಿಸಿದರೆ ಹುಡುಕಿಕೊಂಡು ಕಾಡಿಗೆ ಹೋಗಬೇಡಿ. ಸಮಯ, ಫ್ರೀಕ್ವೆನ್ಸಿ ಬರೆದುಕೊಂಡು ಪರಿಚಯದ ಹ್ಯಾಮ್‌ಗೋ ಪೊಲೀಸ್ ಠಾಣೆಗೋ ತಿಳಿಸಿ. ಬಾಂಗ್ಲಾ ಗಡಿಯ ಹತ್ತಿರ ಪಶ್ಚಿಮ ಬಂಗಾಳದ ಹ್ಯಾಮ್‌ಗಳು ಮಾಡಿದ್ದೂ ಅಷ್ಟೇ, ಕೇಳಿಸಿದ್ದನ್ನು ಸರಕಾರಕ್ಕೆ ತಿಳಿಸಿದರು.

ಕೇಳಿ ಕೇಳಿ ಮಾತಾಡುವ ಆಸೆಯೂ ಬಂದರೆ ಅದಕ್ಕೆ ಸರಿಯಾದ ದಾರಿ ಹ್ಯಾಮ್ ಪರೀಕ್ಷೆ. ಹನ್ನೆರಡು ವರ್ಷ ತುಂಬಿದವರು ಬರೆಯಬಹುದು. ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಅಂತ ಎರಡು ದರ್ಜೆ ಇವೆ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಹಾಕಬೇಕು.